ನಾಯಿಮರಿಗೆ ಸಿಕ್ಕ ದಯೆ

2024ರ ಮೇ 9ರಂದು ಎಸ್ಸೆಸ್ಸೆಲ್ಸಿ ಪರೀಕ್ಷೆ-1ರ ಫಲಿತಾಂಶ ಪ್ರಕಟವಾಯಿತು. ಪರೀಕ್ಷೆ ಬರೆದವರು 8,59,967. ತೇರ್ಗಡೆಯಾದವರು 6,31,204. ಫಲಿತಾಂಶದ ಮರುದಿನ ಪತ್ರಿಕೆಗಳಲ್ಲಿ ಏನಿರುತ್ತದೆಂಬುದು ಎಲ್ಲರಿಗೂ ಗೊತ್ತು. ಹೆಚ್ಚು ಅಂಕ ಪಡೆದ ಮಗುವಿನ ಬಾಯಿಗೆ ಅಪ್ಪ ಒಂದು ಕಡೆಯಿಂದ, ಅಮ್ಮ ಇನ್ನೊಂದು ಕಡೆಯಿಂದ ಪೇಡೆ ಇಡುತ್ತಿರುವ ಚಿತ್ರ. ಯಾವ ಜಿಲ್ಲೆ ಮೇಲೇರಿತು, ಯಾವುದು ಕೆಳಗಿಳಿಯಿತು ಎಂಬ ಪಟ್ಟಿ. ಐದನೇ ತರಗತಿಯ ಮಗುವೂ ಮಾಡಬಹುದಾದ ಒಂದು ಕಳೆಯುವ ಲೆಕ್ಕವನ್ನು ಮಾಡಿ ನೋಡುವವರು ಮಾತ್ರ ಕಡಿಮೆ. ಮೊದಲ ಸಂಖ್ಯೆಯಿಂದ ಎರಡನೆಯದನ್ನು ಕಳೆದರೆ ಉಳಿಯುವುದು 2,28,763.

ಎರಡು ಲಕ್ಷದ ಇಪ್ಪತ್ತೆಂಟು ಸಾವಿರಕ್ಕೂ ಹೆಚ್ಚು ಮಂದಿ! ಇಷ್ಟು ಜನರನ್ನು ಒಂದೆಡೆ ಸೇರಿಸಿದರೆ ದೊಡ್ಡದೊಂದು ಊರೇ ಆಗುತ್ತದೆ. ಆದರೆ ಆ ದಿನ ಆ ಊರಿನ ಬಹುಪಾಲು ಮಂದಿ ಕೋಣೆಯ ಬಾಗಿಲು ಮುಂದೆ ಮಾಡಿಕೊಂಡು ಕುಳಿತು ಒಂದೇ ಮಾತನ್ನು ಅಂದುಕೊಂಡಿರಬೇಕು: "ನನಗೊಬ್ಬನಿಗೇ ಹೀಗಾಯಿತು."

ಯಲಹಂಕ ಉಪನಗರದಲ್ಲಿ ಆ ವರ್ಷ ಇಬ್ಬರು ಹುಡುಗರಿದ್ದರು. ಅವರ ಮನೆಗಳ ನಡುವೆ ಇದ್ದದ್ದು ಎರಡು ಅಡ್ಡರಸ್ತೆ. ಶಾಲೆ ಬೇರೆ ಬೇರೆ. ಆದರೆ ಸಂಜೆಯ ಕ್ರಿಕೆಟ್ಟಿಗೆ ಮೈದಾನ ಒಂದೇ. ಒಬ್ಬ ಬೌಲು ಮಾಡಿದರೆ ಇನ್ನೊಬ್ಬ ವಿಕೆಟ್ ಕಾಯುತ್ತಿದ್ದ. ಫಲಿತಾಂಶ ಬಂದ ಸಂಜೆಯಿಂದ ಇಬ್ಬರೂ ಮೈದಾನದ ಕಡೆ ಸುಳಿಯಲಿಲ್ಲ. ಒಬ್ಬ ತನ್ನ ತಂಗಿಯ ಕೈಲಿ "ಅಣ್ಣ ಅಜ್ಜಿ ಊರಿಗೆ ಹೋಗಿದ್ದಾನೆ" ಎಂದು ಹೇಳಿ ಕಳಿಸಿದ. ಇನ್ನೊಬ್ಬ ಹಾಗೂ ಹೇಳಿ ಕಳಿಸಲಿಲ್ಲ. ಫೋನು ತೆಗೆಯುವುದನ್ನೇ ನಿಲ್ಲಿಸಿದ. ಬೆಳಿಗ್ಗೆ ನಂದಿನಿ ಬೂತಿನ ಮುಂದೆ ಎದುರಾದ ಅಮ್ಮಂದಿರು ಹಾಲಿನ ಪ್ಯಾಕೆಟ್ಟು ಚೀಲಕ್ಕೆ ಹಾಕಿಕೊಂಡು "ಬಿಸಿಲು ಜಾಸ್ತಿ ಆಯ್ತು ಅಲ್ವಾ?" ಎಂದು ಹವಾಮಾನ ಮಾತಾಡಿ ಬೇಗ ಬೇಗ ಮನೆ ಸೇರಿಕೊಂಡರು. ಮಕ್ಕಳ ವಿಷಯ ಇಬ್ಬರೂ ಎತ್ತಲಿಲ್ಲ. ಜೂನ್ ತಿಂಗಳಲ್ಲಿ ಪರೀಕ್ಷೆ-2 ಬಂತು. ಕೇಂದ್ರದ ಗೇಟಿನ ಬಳಿ ನೋಂದಣಿ ಸಂಖ್ಯೆಗಳ ಪಟ್ಟಿ ಹುಡುಕುತ್ತಿದ್ದಾಗ ಇಬ್ಬರಿಗೂ ಭುಜಕ್ಕೆ ಭುಜ ತಗುಲಿತು.

"ನೀನೂನಾ?"

"ಹೂಂ ಕಣೋ. ಮ್ಯಾಥ್ಸು. ನೀನು?"

"ಮ್ಯಾಥ್ಸು, ಸೈನ್ಸು ಎರಡೂ."

ಒಂದು ತಿಂಗಳಿಗೂ ಮಿಕ್ಕಿ ಇಬ್ಬರನ್ನೂ ಹಿಂಡಿದ್ದ ದುಃಖದ ಅರ್ಧ ಭಾಗ ಈ ಮೂರು ಸಾಲಿನ ಮಾತಿನಲ್ಲಿ ಇಳಿದುಹೋಯಿತು. ಅಂಕ ಒಂದೂ ಹೆಚ್ಚಾಗಿರಲಿಲ್ಲ, ಪ್ರಶ್ನೆಪತ್ರಿಕೆ ಇನ್ನೂ ಕೈಗೆ ಬಂದಿರಲಿಲ್ಲ. ಹಾಗಾದರೆ ಇಳಿದದ್ದು ಯಾವ ಭಾರ? ಗಣಿತದಲ್ಲಿ ಫೇಲಾದದ್ದರ ಭಾರವಂತೂ ಆಗಿರಲಾರದು. ಅದರ ಮೇಲೆ ಅವರೇ ಹೇರಿಕೊಂಡಿದ್ದ ಇನ್ನೊಂದಿತ್ತು: ನಾನು ಅಪ್ರಯೋಜಕ, ನನ್ನನ್ನು ಯಾರೂ ನೋಡಬಾರದು, ನಾನೂ ಯಾರನ್ನೂ ನೋಡಬಾರದು ಎಂಬ ತೀರ್ಪು. ನ್ಯಾಯಾಧೀಶ, ವಕೀಲ, ಅಪರಾಧಿ, ಜೈಲರು ಎಲ್ಲ ಒಬ್ಬನೇ ಆಗಿರುವ ವಿಚಿತ್ರ ನ್ಯಾಯಾಲಯವದು. ಅಲ್ಲಿ ಶಿಕ್ಷೆ ಯಾವಾಗಲೂ ಒಂದೇ, ಏಕಾಂಗಿ ಸೆರೆ.

ಕನ್ನಡದಲ್ಲಿ ಏಕಾಂತ ಬೇರೆ, ಒಂಟಿತನ ಬೇರೆ. ಜಕ್ಕೂರು ಕೆರೆಯ ಏರಿಯ ಮೇಲೆ ಬೆಳಗಿನ ಜಾವ ಒಬ್ಬರೇ ಕುಳಿತು ನೀರುಕಾಗೆ ಮುಳುಗೇಳುವುದನ್ನು ನೋಡುವ ನಿವೃತ್ತ ನೌಕರರದ್ದು ಏಕಾಂತ. ಅವರಿಗೆ ಅದು ಬೇಕು, ಅದರಿಂದ ಅವರಿಗೆ ಸುಖವಿದೆ. ಯಶವಂತಪುರದ ಪೇಯಿಂಗ್ ಗೆಸ್ಟ್ ಮನೆಯೊಂದರಲ್ಲಿ ನಾಲ್ವರು ಹುಡುಗಿಯರ ಜೊತೆ ಒಂದೇ ಕೋಣೆಯಲ್ಲಿದ್ದೂ, ರಾತ್ರಿ ಹೊದಿಕೆ ಮುಖದ ಮೇಲೆ ಎಳೆದುಕೊಂಡು ಅಳುವ ಕಲಬುರಗಿಯ ಹುಡುಗಿಯದು ಒಂಟಿತನ. ಸುತ್ತ ಎಷ್ಟು ಜನರಿದ್ದಾರೆ ಎಂಬ ಲೆಕ್ಕಕ್ಕೂ ಒಂಟಿತನಕ್ಕೂ ನೇರ ಸಂಬಂಧವಿಲ್ಲ. ಇದನ್ನು ಜೀವನವಿಡೀ ಅಧ್ಯಯನ ಮಾಡಿದ ಷಿಕಾಗೋ ವಿಶ್ವವಿದ್ಯಾಲಯದ ಜಾನ್ ಕಾಸಿಯೊಪ್ಪೊ ಎಂಬ ವಿಜ್ಞಾನಿ ಒಂಟಿತನವನ್ನು ಹಸಿವು ಬಾಯಾರಿಕೆಗಳ ಸಾಲಿಗೆ ಸೇರಿಸಿದರು. ದೇಹಕ್ಕೆ ನೀರು ಬೇಕೆಂದು ಬಾಯಾರಿಕೆ ಹೇಳುತ್ತದೆ. ಜನ ಬೇಕೆಂದು ಒಂಟಿತನ ಹೇಳುತ್ತದೆ. ತೊಂದರೆ ಏನೆಂದರೆ, ಬಾಯಾರಿದವನು ನೀರಿನ ಕಡೆಗೇ ಹೋಗುತ್ತಾನೆ. ಒಂಟಿಯಾದವನಿಗೆ ಮಾತ್ರ ಎದುರಿಗೆ ಬರುವ ಪ್ರತಿ ಮುಖದಲ್ಲೂ ತಿರಸ್ಕಾರ ಕಾಣತೊಡಗುತ್ತದೆ, ಅವನು ಇನ್ನಷ್ಟು ಹಿಂದೆ ಸರಿಯುತ್ತಾನೆ.

ಇದು ಎಲ್ಲೋ ದೂರದ ದೇಶದ ಖಾಯಿಲೆ ಎಂದುಕೊಳ್ಳುವವರಿಗೆ ಒಂದು ಸಂಗತಿ. ಮಂಡ್ಯ ಜಿಲ್ಲೆಯ ಹಲ್ಲೆಗೆರೆ ಮೂಲದ ಮನೆತನದ ಡಾ. ವಿವೇಕ್ ಮೂರ್ತಿಯವರು ಅಮೆರಿಕದ ಸರ್ಜನ್ ಜನರಲ್ ಆಗಿದ್ದಾಗ, 2023ರಲ್ಲಿ, ಒಂಟಿತನವನ್ನು ಸಾರ್ವಜನಿಕ ಆರೋಗ್ಯದ ಸಮಸ್ಯೆಯೆಂದೇ ಘೋಷಿಸಿ ದೇಶಕ್ಕೆ ಸಲಹಾಪತ್ರ ಹೊರಡಿಸಿದರು. ಜನಸಂಪರ್ಕವಿಲ್ಲದ ಬದುಕು ಆಯುಸ್ಸಿಗೆ ಮಾಡುವ ಹಾನಿಯನ್ನು ಅದರಲ್ಲಿ ದಿನಕ್ಕೆ ಹದಿನೈದು ಸಿಗರೇಟು ಸೇದುವ ಹಾನಿಗೆ ಹೋಲಿಸಲಾಗಿತ್ತು. ಅದಕ್ಕಿಂತ ಮುಖ್ಯವಾದದ್ದು ಅವರು ತಮ್ಮ ಬಗ್ಗೆ ಹೇಳಿಕೊಂಡದ್ದು. ಸಂಕೋಚದ ಸ್ವಭಾವದ ಬಾಲಕ ವಿವೇಕನಿಗೆ ಶಾಲೆಯಲ್ಲಿ ಒಂಟಿತನ ಕಾಡುತ್ತಿತ್ತಂತೆ. ಪ್ರೀತಿಸುವ ತಂದೆತಾಯಿ ಮನೆಯಲ್ಲೇ ಇದ್ದರು, ಆದರೂ ನಾಚಿಕೆಯಿಂದಾಗಿ ಅದನ್ನು ಅವರಿಗೆ ಹೇಳಿಕೊಳ್ಳಲಾಗಲಿಲ್ಲ. ನಾಚಿಕೆ ಎಂಬ ಈ ಪದವನ್ನು ತಂದೆತಾಯಂದಿರು ಗಮನಿಸಬೇಕು. ಮಗು ಹೇಳದಿರುವುದಕ್ಕೆ ಯಾವಾಗಲೂ ಅಪ್ಪ ಅಮ್ಮನ ಮೇಲಿನ ಭಯವೇ ಕಾರಣವಲ್ಲ. ತನ್ನ ಬಗ್ಗೆ ತಾನೇ ಕೊಟ್ಟುಕೊಂಡ ತೀರ್ಪು ಬಾಯಿ ಕಟ್ಟಿಹಾಕುತ್ತದೆ.

ಈಗ ಹೆಬ್ಬಾಳದ ಕಡೆ ಬರೋಣ. ಅಲ್ಲಿಯ ಪಶುವೈದ್ಯಕೀಯ ಕಾಲೇಜು 1958ರಲ್ಲಿ ಶುರುವಾದದ್ದು. ಅದರ ಆವರಣದಲ್ಲಿ ನೆಲೆಯೂರಿದ ಒಂದು ಸಂಸ್ಥೆ ಕ್ಯೂಪಾ. ಕಂಪ್ಯಾಷನ್ ಅನ್‌ಲಿಮಿಟೆಡ್ ಪ್ಲಸ್ ಆ್ಯಕ್ಷನ್ ಎಂಬ ಉದ್ದನೆಯ ಹೆಸರಿನ ಚುಟುಕು ರೂಪ ಅದು. ಮಿತಿಯಿಲ್ಲದ ಕರುಣೆ, ಜೊತೆಗೆ ಕೆಲಸ ಎಂದು ಅರ್ಥ ಹೇಳಬಹುದು. ಇದನ್ನು 1991ರಲ್ಲಿ ಹುಟ್ಟುಹಾಕಿದವರು ಕ್ರಿಸ್ಟಲ್ ರೋಜರ್ಸ್ ಎಂಬ ಆಂಗ್ಲ ಮಹಿಳೆ. ಅದಕ್ಕೂ ಮುಂಚೆ 1980ರಲ್ಲಿ ಜೈಪುರದಲ್ಲಿ ಇಂಥದೇ ಒಂದು ಪ್ರಾಣಿ ಆಶ್ರಯವನ್ನು ಸ್ಥಾಪಿಸಿದ್ದರು. ಬೆಂಗಳೂರಿನಲ್ಲಿ ಕೆಲಸ ಆರಂಭಿಸಿದಾಗ ಅವರಿಗೆ ಎಂಬತ್ತು ದಾಟಿತ್ತು. ಆ ವಯಸ್ಸಿಗೆ ನಮ್ಮಲ್ಲಿ ಎಷ್ಟೋ ಹಿರಿಯರು ಕಾಲ ಕಳೆಯುವುದು ಹೇಗೆಂದು ಗೋಡೆ ನೋಡುತ್ತಾ ಕೂರುತ್ತಾರೆ. ಆ ಅಜ್ಜಿಯ ಸುತ್ತ ಮಾತ್ರ ನಾಯಿ, ಬೆಕ್ಕು, ಕತ್ತೆ ಮತ್ತು ಅವುಗಳನ್ನು ಎತ್ತಿ ತರುವ ಎಳೆಯರು ತುಂಬಿಕೊಂಡಿದ್ದಿರಬೇಕು.

ಆರ್.ಟಿ. ನಗರ, ಗಂಗಾನಗರ, ಹೆಬ್ಬಾಳದ ಶಾಲಾ ಮಕ್ಕಳಿಗೆ ಆ ಕಾಲೇಜಿನ ಗೇಟು ಚೆನ್ನಾಗಿ ಗೊತ್ತು. ಬೀದಿಯಲ್ಲಿ ಸ್ಕೂಟರಿಗೆ ಸಿಕ್ಕ ಮರಿಯನ್ನು ಗೋಣಿಚೀಲದಲ್ಲೋ ಹಳೆಯ ಟವೆಲಿನಲ್ಲೋ ಸುತ್ತಿ, ಆಟೋದವರನ್ನು ಕಾಡಿಬೇಡಿ ಒಪ್ಪಿಸಿ ಅಲ್ಲಿಗೆ ಓಡುವ ಹುಡುಗರು ಯಾವ ಬಡಾವಣೆಯಲ್ಲೂ ಒಬ್ಬಿಬ್ಬರು ಇದ್ದೇ ಇರುತ್ತಾರೆ. ಮೇಲೆ ಹೇಳಿದ, ಎರಡು ವಿಷಯಗಳಲ್ಲಿ ಫೇಲಾದ ಹುಡುಗ ಅಂಥವನೇ. ಒಂಬತ್ತನೇ ತರಗತಿಯಲ್ಲಿದ್ದಾಗ ಹಿಂಗಾಲು ಮುರಿದ ಕಂದು ಬಣ್ಣದ ಮರಿಯೊಂದನ್ನು ಅವನು ಹೀಗೆ ಹೊತ್ತೊಯ್ದಿದ್ದ.

ಅಂಥ ಮರಿಗೆ ಅಲ್ಲಿ ಏನು ಮಾಡುತ್ತಾರೆ? ರಕ್ತ ಸೋರುತ್ತಿದ್ದರೆ ಮೊದಲು ಅದನ್ನು ನಿಲ್ಲಿಸುತ್ತಾರೆ. ಗಾಯ ತೊಳೆಯುತ್ತಾರೆ. ಬಳಲಿದ್ದರೆ ಡ್ರಿಪ್ ಹಾಕುತ್ತಾರೆ. ಮುರಿದ ಮೂಳೆಯನ್ನು ನೇರ ಮಾಡಿ ಪಟ್ಟಿ ಬಿಗಿಯುತ್ತಾರೆ. ನೇರ ಮಾಡುವಾಗ ಮರಿ ಕಿರುಚುತ್ತದೆ, ಕಚ್ಚಲೂ ಬರುತ್ತದೆ. ಹುಡುಗ ಅದರ ತಲೆ ಸವರುತ್ತಾ "ಆಯ್ತು ಆಯ್ತು, ಇನ್ನು ಸ್ವಲ್ಪ" ಎನ್ನುತ್ತಿರುತ್ತಾನೆ. ಆಮೇಲೆ ವಾರಗಟ್ಟಲೆ ಓಡಾಡಿಸಬಾರದೆಂಬ ಕಟ್ಟುನಿಟ್ಟು. ಈ ಇಡೀ ಕ್ರಮದಲ್ಲಿ ಯಾರೂ ಆ ಮರಿಯನ್ನು "ರಸ್ತೆ ದಾಟುವಾಗ ನಿನ್ನ ಕಣ್ಣು ಎಲ್ಲಿತ್ತು? ಪಕ್ಕದ ಬೀದಿಯ ಮರಿಗೆ ಹೀಗಾಯಿತೇ? ನಿನಗೇನು ಕಮ್ಮಿ ಮಾಡಿದ್ದೆವು?" ಎಂದು ಕೇಳುವುದಿಲ್ಲ. ಕೇಳಿದರೆ ಮೂಳೆ ಬೇಗ ಕೂಡುತ್ತದೆಂದು ನಂಬುವವರೂ ಇಲ್ಲ.

ಅದೇ ಹುಡುಗ, ಒಂದೇ ವರ್ಷದ ನಂತರ, ಫೋನಿನ ಪರದೆಯಲ್ಲಿ ತನ್ನ ಅಂಕ ನೋಡಿಕೊಂಡು ತನಗೆ ತಾನು ಹೇಳಿಕೊಂಡದ್ದು ಮಾತ್ರ ಇವೇ ಮೂರು ಮಾತುಗಳನ್ನು. ಮರಿಗೆ ಸಿಕ್ಕ ದಯೆಯ ಕಾಲು ಭಾಗವೂ ಅವನಿಂದ ಅವನಿಗೆ ಸಿಗಲಿಲ್ಲ.

ನಮ್ಮಲ್ಲಿ 'ಊರಿಗೆ ಉಪಕಾರಿ, ಮನೆಗೆ ಮಾರಿ' ಎಂಬ ಗಾದೆ ಇದೆ. ಊರಿಗೂ ಉಪಕಾರಿ, ಮನೆಗೂ ಉಪಕಾರಿ, ತನಗೆ ಮಾತ್ರ ಮಾರಿ ಎಂಬ ಮೂರನೆಯ ಜಾತಿಯವರೂ ಉಂಟು. ಅವರಿಗೆ ಗಾದೆ ಇಲ್ಲ. ಇದಕ್ಕೆ ಪದವೂ ಸರಿಯಾಗಿಲ್ಲ. ಕರುಣೆ, ದಯೆ, ಕನಿಕರ, ಮರುಕ, ಅನುಕಂಪ, ಎಲ್ಲವೂ ಇನ್ನೊಬ್ಬರ ಕಡೆಗೆ ಹರಿಯುವಂಥವು. ಸ್ವಾನುಕಂಪ ಎಂದರೆ 'ಅಯ್ಯೋ, ನನ್ನ ಹಣೆಬರಹ' ಎಂದು ಗೋಳಾಡುವುದು ಎಂದೇ ರೂಢಿಯಲ್ಲಿ ಅರ್ಥ. ಇಲ್ಲಿ ಹೇಳಹೊರಟಿರುವುದು ಅದರ ವಿರುದ್ಧವಾದದ್ದು. ಗೋಳಾಡುವವನು ಜಗತ್ತಿನಲ್ಲಿ ತನಗೊಬ್ಬನಿಗೇ ಕಷ್ಟ ಎನ್ನುತ್ತಾನೆ. ತನ್ನ ಮೇಲೆ ದಯೆ ಇರುವವನು ಎಲ್ಲರಂತೆ ತನಗೂ ಏಟು ಬಿದ್ದಿದೆ, ಪಟ್ಟಿ ಕಟ್ಟಬೇಕು ಎನ್ನುತ್ತಾನೆ.

ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದ ಕ್ರಿಸ್ಟಿನ್ ನೆಫ್ ಈ ಗುಣವನ್ನು ಅಳೆಯಲು 2003ರಲ್ಲಿ 26 ಹೇಳಿಕೆಗಳ ಒಂದು ಪ್ರಶ್ನಾವಳಿ ಪ್ರಕಟಿಸಿದರು. ಬೌದ್ಧ ಧ್ಯಾನದ ಅಭ್ಯಾಸದಿಂದ ಈ ವಿಷಯಕ್ಕೆ ಬಂದವರು ಅವರು. ಮೂಲ ಸರಕು ನಮ್ಮ ಕಡೆಯದೇ ಎನ್ನಬಹುದು. ತನ್ನನ್ನು ಹಳಿದುಕೊಳ್ಳದೆ ಮೃದುವಾಗಿ ನಡೆಸಿಕೊಳ್ಳುವುದು, ನೋವನ್ನು ಮುಚ್ಚಿಡದೆ ಹಿಗ್ಗಿಸದೆ ಇದ್ದಷ್ಟೇ ನೋಡುವುದು ಎಂಬ ಎರಡರ ಜೊತೆಗೆ ಅವರು ಮೂರನೆಯದೊಂದನ್ನು ಸೇರಿಸಿದ್ದಾರೆ. ತಪ್ಪುವುದು, ಸೋಲುವುದು ಮನುಷ್ಯರೆಲ್ಲರ ಪಾಡು ಎಂಬ ಅರಿವು. ಇದರ ವಿರುದ್ಧ ಪದವಾಗಿ ಅವರು ಇಟ್ಟಿರುವುದು 'ಬೇರೆಯಾಗಿ ಬೀಳುವುದು'. ಎಂದರೆ ಒಂಟಿತನವೇ. ಯಲಹಂಕದ ಆ ಇಬ್ಬರು ಹುಡುಗರು ಪರೀಕ್ಷಾ ಕೇಂದ್ರದ ಗೇಟಿನ ಬಳಿ ಒಂದೇ ಕ್ಷಣದಲ್ಲಿ ಕಲಿತದ್ದು ಈ ಮೂರನೆಯ ಪಾಠವನ್ನು. ಆಮೇಲಿನ ವರ್ಷಗಳಲ್ಲಿ ನೂರಾರು ಅಧ್ಯಯನಗಳು ಬಂದಿವೆ. ತನ್ನ ಬಗ್ಗೆ ದಯೆ ಹೆಚ್ಚಿರುವವರಲ್ಲಿ ಖಿನ್ನತೆ, ಆತಂಕ ಕಡಿಮೆ ಎಂಬುದು ಮತ್ತೆ ಮತ್ತೆ ಕಂಡಿದೆ. ಆದರೆ ಪ್ರಶ್ನಾವಳಿಗಳ ಅಧ್ಯಯನದಲ್ಲಿ ಎರಡು ಸಂಗತಿ ಜೊತೆಯಾಗಿ ಕಂಡರೆ ಒಂದರಿಂದಲೇ ಇನ್ನೊಂದು ಆಯಿತು ಎಂದು ಹೇಳಲು ಬರುವುದಿಲ್ಲ. ಮಳೆಗಾಲದಲ್ಲಿ ಕೊಡೆಯೂ ಹೆಚ್ಚು, ಕಪ್ಪೆಯೂ ಹೆಚ್ಚು. ಕೊಡೆಯಿಂದ ಕಪ್ಪೆ ಹುಟ್ಟುವುದಿಲ್ಲ.

ಇಷ್ಟು ಹೇಳಿದ ಕೂಡಲೇ ಹೆತ್ತವರಿಂದ ಒಂದು ಪ್ರಶ್ನೆ ಬರುವುದು ಖಂಡಿತ. "ಸೋತಾಗಲೂ ಬೆನ್ನು ತಟ್ಟಿಕೊಂಡು ಕೂತರೆ ಓದುವವರು ಯಾರು? ಬೈದರೇ ಬುದ್ಧಿ ಬರೋದು." ನ್ಯಾಯವಾದ ಪ್ರಶ್ನೆಯೇ. ಇದನ್ನು ಪರೀಕ್ಷಿಸಿ ನೋಡಿದವರಿದ್ದಾರೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿ ಜೂಲಿಯಾನಾ ಬ್ರೈನ್ಸ್ ಮತ್ತು ಸೆರೀನಾ ಚೆನ್ ವಿದ್ಯಾರ್ಥಿಗಳಿಗೆ ಪದಗಳ ಕಠಿಣ ಪರೀಕ್ಷೆಯೊಂದನ್ನು ಕೊಟ್ಟರು. ಬಹುಮಂದಿ ತಡವರಿಸುವಂತೆಯೇ ಅದನ್ನು ಮಾಡಲಾಗಿತ್ತು. ಆಮೇಲೆ ಒಂದು ಗುಂಪಿಗೆ, ಇದು ಕಷ್ಟವೆನಿಸಿದ್ದು ನಿಮಗೊಬ್ಬರಿಗೇ ಅಲ್ಲ, ನಿಮ್ಮನ್ನು ನೀವು ಹಳಿದುಕೊಳ್ಳಬೇಡಿ ಎಂಬರ್ಥದ ಮಾತು ಹೇಳಿದರು. ಎರಡನೆಯ ಗುಂಪಿಗೆ, ಇಂಥ ವಿಶ್ವವಿದ್ಯಾಲಯಕ್ಕೆ ಆಯ್ಕೆಯಾಗಿ ಬಂದವರೆಂದರೆ ನೀವು ಬುದ್ಧಿವಂತರೇ ಎಂದು ಹೊಗಳಿದರು. ಮೂರನೆಯ ಗುಂಪಿಗೆ ಏನೂ ಹೇಳಲಿಲ್ಲ. ಮುಂದಿನ ಪರೀಕ್ಷೆಗೆ ಬೇಕಾದಷ್ಟು ಹೊತ್ತು ಓದಿಕೊಳ್ಳಲು ಬಿಟ್ಟರು. ಹೆಚ್ಚು ಹೊತ್ತು ಓದಿದ್ದು ಮೊದಲ ಗುಂಪು. 2012ರಲ್ಲಿ ಪ್ರಕಟವಾದ ಈ ಒಂದು ಪ್ರಯೋಗದಿಂದ ಇಡೀ ಮನುಷ್ಯಕುಲಕ್ಕೆ ನಿಯಮ ಬರೆಯಲಾಗದು. ಆದರೆ ಹೊಗಳಿಕೆ ಮಾಡದ ಕೆಲಸವನ್ನು ಸಮಾಧಾನದ ಮಾತು ಮಾಡಿತು ಎಂಬುದು ಯೋಚಿಸತಕ್ಕ ವಿಷಯ.

ಯಾಕೆ ಹೀಗೆ? ದೇಹದ ಕಡೆಯಿಂದ ನೋಡಿದರೆ ಅಷ್ಟೇನೂ ಒಗಟಲ್ಲ. ನಾಯಿ ಅಟ್ಟಿಸಿಕೊಂಡು ಬಂದರೆ ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಾಲಿನ್, ಕಾರ್ಟಿಸಾಲ್ ಸುರಿಸುತ್ತವೆ. ಎದೆ ಹೊಡೆದುಕೊಳ್ಳುತ್ತದೆ, ರಕ್ತ ಕಾಲಿಗೆ ಹರಿಯುತ್ತದೆ, ಓಡುತ್ತೇವೆ. ಜೀವ ಉಳಿಸುವ ವ್ಯವಸ್ಥೆ ಇದು. ಬೈಗುಳ ಕೇಳಿದಾಗಲೂ ಇದೇ ಗಂಟೆ ಬಾರಿಸುತ್ತದೆ. ಬೈಯುವವರು ತಲೆಯ ಒಳಗೇ ಕುಳಿತಿದ್ದರೆ ಓಡುವುದಾದರೂ ಎಲ್ಲಿಗೆ? ಗಂಟೆ ನಿಲ್ಲುವುದೇ ಇಲ್ಲ. ಅಂಥ ಸ್ಥಿತಿಯಲ್ಲಿ ಪುಸ್ತಕ ತೆರೆದ ಮಗು ಒಂದೇ ಪ್ಯಾರಾವನ್ನು ಎಂಟು ಸಲ ಓದುತ್ತದೆ. ಹೊರಗಿನಿಂದ ನೋಡುವವರಿಗೆ ಅದು ಸೋಮಾರಿತನವಾಗಿ ಕಾಣುತ್ತದೆ.

ಇಲ್ಲಿ ಹ್ಯಾರಿ ಹಾರ್ಲೋ ಎಂಬುವರ ಮಂಗಗಳ ಪ್ರಯೋಗವನ್ನು ನೆನೆಯಬೇಕು. 1950ರ ದಶಕದ ಕೊನೆಯಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ನಡೆದದ್ದು. ಪ್ರಯೋಗ ಕ್ರೂರವಾದದ್ದು, ಇಂದಾಗಿದ್ದರೆ ಅದಕ್ಕೆ ಅನುಮತಿ ಸಿಗುವುದು ಕಷ್ಟ. ತಾಯಿಯಿಂದ ಬೇರೆ ಮಾಡಿದ ಮರಿಗಳಿಗೆ ಎರಡು ಗೊಂಬೆ ತಾಯಂದಿರನ್ನು ಇಟ್ಟರು. ಒಂದು ಬರೀ ತಂತಿಯದು, ಅದರ ಎದೆಗೆ ಹಾಲಿನ ಬಾಟಲು. ಇನ್ನೊಂದಕ್ಕೆ ಮೆತ್ತನೆಯ ಬಟ್ಟೆ ಸುತ್ತಿತ್ತು, ಹಾಲಿರಲಿಲ್ಲ. ಮರಿಗಳು ಹಸಿವಾದಾಗ ತಂತಿಯ ತಾಯಿಯ ಬಳಿ ಹೋಗಿ ಹಾಲು ಕುಡಿದು, ಉಳಿದ ಹೊತ್ತೆಲ್ಲ ಬಟ್ಟೆಯ ತಾಯಿಯನ್ನೇ ತಬ್ಬಿಕೊಂಡಿದ್ದವು. ಭಯವಾದಾಗ ಓಡಿದ್ದೂ ಅಲ್ಲಿಗೇ. ಬೆಂಗಳೂರಿನ ಮನೆಗಳಲ್ಲಿ ಈಗ ಹಾಲಿನ ಬಾಟಲಿಗೆ ಕೊರತೆಯಿಲ್ಲ. ಟ್ಯೂಷನ್, ಆನ್‌ಲೈನ್ ಪಾಠ, ಪ್ರತ್ಯೇಕ ಕೋಣೆ, ಸಾಲ ಮಾಡಿ ಕಟ್ಟಿದ ಶುಲ್ಕ. 'ನಿನಗೇನು ಕಮ್ಮಿ ಮಾಡಿದ್ದೇವೆ?' ಎಂದು ಕೇಳುವ ಅಪ್ಪ ಸುಳ್ಳು ಹೇಳುತ್ತಿಲ್ಲ. ತನ್ನ ಬೆವರನ್ನೆಲ್ಲ ಬಾಟಲಿಗೆ ತುಂಬಿದ್ದಾನೆ. ಮಗನಿಗೆ ಆ ಸಂಜೆ ಬೇಕಾಗಿದ್ದದ್ದು ಬಟ್ಟೆ.

ಆ ಅಪ್ಪನಿಗೂ ಒಂದು ಕಥೆಯಿದೆ. ಪೀಣ್ಯದ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್ ಆಗಿರುವ ಅವರು 1992ರಲ್ಲಿ ದ್ವಿತೀಯ ಪಿಯುಸಿಯಲ್ಲಿ ಇಂಗ್ಲಿಷಿಗೆ ಡುಮ್ಕಿ ಹೊಡೆದವರು. ಅಕ್ಟೋಬರಿನಲ್ಲಿ ಮತ್ತೆ ಕಟ್ಟಿ ಪಾಸಾದರು. ಹೆಂಡತಿಗೆ ಅರ್ಧ ಗೊತ್ತು, ಮಕ್ಕಳಿಗೆ ಪೂರ್ತಿ ಗುಟ್ಟು. ಮೂವತ್ತೆರಡು ವರ್ಷ ಆ ಅಂಕಪಟ್ಟಿ ಅಟ್ಟದ ಮೇಲಿನ ಟ್ರಂಕಿನಲ್ಲಿ, ಮದುವೆ ಆಲ್ಬಮ್ಮಿನ ಕೆಳಗೆ ಮಲಗಿತ್ತು. ಮಗನ ಮೇಲೆ ಅವರು ಕೂಗಾಡುವಾಗ ನಿಜವಾಗಿ ಬೈಸಿಕೊಳ್ಳುತ್ತಿದ್ದವನು ಯಾರು? ಹದಿನೇಳರ ಆ ಹಳೆಯ ಹುಡುಗನೇ ಇರಬೇಕು. ಅವನಿಗೆ ಇನ್ನೂ ಕ್ಷಮೆ ಸಿಕ್ಕಿರಲಿಲ್ಲ. ಪರೀಕ್ಷೆ-2ಕ್ಕೆ ಮೂರು ವಾರ ಇದ್ದಾಗ, ಮಗ ಎರಡು ದಿನ ಸರಿಯಾಗಿ ಊಟ ಮಾಡದಿದ್ದ ರಾತ್ರಿ, ಅವರು ಸ್ಟೂಲು ಹಾಕಿಕೊಂಡು ಟ್ರಂಕು ಇಳಿಸಿದರು. ಏನೂ ಉಪದೇಶ ಮಾಡಲಿಲ್ಲ. ಅಂಚು ಹಳದಿಯಾದ ಆ ಕಾಗದವನ್ನು ಮಗನ ಮುಂದೆ ಇಟ್ಟು, "ಇಂಗ್ಲಿಷು ನೋಡು" ಎಂದರು. ಮಗ ನೋಡಿದ. "ಅಪ್ಪಾ, ಇಪ್ಪತ್ತೆರಡು!" ಎಂದ. ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ ಬಂದ ಅಮ್ಮನೂ ಬಗ್ಗಿ ನೋಡಿ ನಕ್ಕರು. ಅಂದು ಹುಡುಗ ಎರಡು ಸಲ ಅನ್ನ ಹಾಕಿಸಿಕೊಂಡ.

ಅಮ್ಮನ ವಿಷಯ ಬೇರೆಯೇ. ಅತ್ತೆಯ ಸಕ್ಕರೆ ಖಾಯಿಲೆ, ಪಕ್ಕದ ಮನೆಯ ಬಾಣಂತಿ, ಕೆಲಸದಾಕೆಯ ಮಗಳ ಶಾಲೆ ಎಲ್ಲದಕ್ಕೂ ಅವರ ಬಳಿ ಸಮಯವಿದೆ. ತಮಗೆ ಜ್ವರ ಬಂದರೆ ಮಾತ್ರ ಡೋಲೋ ನುಂಗಿ ಒಲೆಯ ಮುಂದೆ ನಿಲ್ಲುತ್ತಾರೆ. ಇಂಥವರನ್ನು ನಮ್ಮ ಸಮಾಜ ಹೊಗಳುತ್ತದೆ, ತ್ಯಾಗಮಯಿ ಎನ್ನುತ್ತದೆ. ಹೊಗಳಿಕೆ ಅಗ್ಗ, ಅದರ ಬದಲು ಒಂದು ಮಧ್ಯಾಹ್ನ ಮಲಗಲು ಬಿಟ್ಟರೆ ಹೆಚ್ಚು ಉಪಯೋಗ. ಪರರ ಮೇಲಿನ ಕರುಣೆ ಇದ್ದರೆ ತನ್ನ ಮೇಲಿನದೂ ತಾನಾಗಿಯೇ ಬರುತ್ತದೆಂದು ನಾವು ಭಾವಿಸುತ್ತೇವೆ. ನೆಫ್ ಮತ್ತು ಎಲಿಜಬೆತ್ ಪೊಮ್ಮಿಯರ್ 2013ರಲ್ಲಿ ಪ್ರಕಟಿಸಿದ ಅಧ್ಯಯನ ಹಾಗೆ ಹೇಳುವುದಿಲ್ಲ. ವಯಸ್ಕರಲ್ಲಿ, ಧ್ಯಾನ ಮಾಡುವವರಲ್ಲಿ ಎರಡೂ ಒಂದಿಷ್ಟು ಜೊತೆಯಾಗಿದ್ದವು. ಕಾಲೇಜು ವಿದ್ಯಾರ್ಥಿಗಳಲ್ಲಿ ಅಂಥ ನಂಟು ಕಾಣಲಿಲ್ಲ. ನಾಯಿಮರಿ ಹೊತ್ತೊಯ್ದ ಹುಡುಗನ ಬಗ್ಗೆ "ಇವನಿಗೆ ಎಷ್ಟು ಒಳ್ಳೆಯ ಮನಸ್ಸು, ಇವನಿಗೇನೂ ಆಗದು" ಎಂದು ನಿಶ್ಚಿಂತರಾಗಿ ಇರುವಂತಿಲ್ಲ ಎಂದಾಯಿತು. ಪ್ರಾಣಿಗಳನ್ನು ಉಳಿಸುವವರು, ದಾದಿಯರು, ಮುದಿ ತಂದೆತಾಯಿಯನ್ನು ನೋಡಿಕೊಳ್ಳುವವರು ಬರೀ ಕೊಟ್ಟು ಕೊಟ್ಟು ಒಳಗೆ ಬತ್ತಿಹೋಗುವುದನ್ನು ವೈದ್ಯಲೋಕ ಬಲ್ಲದು. ಬೋರ್‌ವೆಲ್ ಕೊರೆಯುತ್ತಲೇ ಹೋಗಿ ಮಳೆನೀರು ಇಂಗಿಸದಿದ್ದರೆ ಏನಾಗುತ್ತದೆಂಬುದನ್ನು ಯಲಹಂಕದವರಿಗೆ ಹೇಳಿಕೊಡಬೇಕಾಗಿಲ್ಲ.

ಒಂದು ಒಳ್ಳೆಯ ಬದಲಾವಣೆ ಸರಕಾರದ ಕಡೆಯಿಂದ ಆಗಿದೆ. 2023-24ರ ಸಾಲಿನಲ್ಲಿ ರಾಜ್ಯದ ಪರೀಕ್ಷಾ ಮಂಡಲಿ ಎಸ್ಸೆಸ್ಸೆಲ್ಸಿ ಮತ್ತು ದ್ವಿತೀಯ ಪಿಯುಸಿಗೆ ಪರೀಕ್ಷೆ 1, 2, 3 ಎಂದು ಮೂರು ಅವಕಾಶ ಮಾಡಿ, ಪೂರಕ ಪರೀಕ್ಷೆ ಎಂಬ ಹೆಸರನ್ನೇ ಕೈಬಿಟ್ಟಿತು. ಪಾಸಾದವರೂ ಅಂಕ ಹೆಚ್ಚಿಸಿಕೊಳ್ಳಲು ಮತ್ತೆ ಬರೆಯಬಹುದು. ಇದರಿಂದ ಮಟ್ಟ ಕುಸಿಯುತ್ತದೆಯೇ ಎಂಬ ಚರ್ಚೆ ಇದ್ದದ್ದೇ, ಇರಲಿ. 'ಸಪ್ಲಿಮೆಂಟರಿ ಕಟ್ಟಿದವನು' ಎಂಬ ಹಣೆಪಟ್ಟಿ ಹೋಗಿ, 'ಪರೀಕ್ಷೆ-2 ಬರೆದವನು' ಎಂದಾಯಿತಲ್ಲ, ಅಷ್ಟರಮಟ್ಟಿಗೆ ನಾಚಿಕೆ ತಗ್ಗಿತು. ಆ ಅಪ್ಪನ ಕಾಲದಲ್ಲಿ ಈ ಹೆಸರಿದ್ದಿದ್ದರೆ ಟ್ರಂಕಿಗೆ ಒಂದು ಗುಟ್ಟು ಕಡಿಮೆಯಾಗುತ್ತಿತ್ತು.

ಮನಸ್ಸು ತೀರಾ ಕುಸಿದಾಗ, ಬದುಕೇ ಬೇಡವೆನಿಸಿದಾಗ ಇದಾವುದೂ ಸಾಲದು. ತಿಳಿದವರ ನೆರವು ಬೇಕು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಕೇಂದ್ರಸ್ಥಾನ. ದೂರವಾಣಿ ಸಂಖ್ಯೆ 14416. ಹಗಲೂ ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಕರೆ ಮಾಡಿದವರು ತಮ್ಮ ಗುರುತು ಹೇಳಿಕೊಳ್ಳಲು ಅಂಜಬೇಕಾಗಿಲ್ಲ. ಈ ಸಂಖ್ಯೆಯನ್ನು ಫ್ರಿಜ್ಜಿನ ಬಾಗಿಲ ಮೇಲೆ, ಗ್ಯಾಸ್ ಏಜೆನ್ಸಿಯ ನಂಬರಿನ ಪಕ್ಕದಲ್ಲೇ ಅಂಟಿಸಿಟ್ಟರೆ ತಪ್ಪೇನೂ ಇಲ್ಲ.

ಸಾಮಾನ್ಯ ದಿನಗಳಿಗೆ ಒಂದು ಸಣ್ಣ ಅಭ್ಯಾಸವನ್ನು ಈ ಕ್ಷೇತ್ರದವರು ಹೇಳಿಕೊಡುತ್ತಾರೆ. ಮೂರು ಬಟ್ಟಲು ಖರ್ಚಾಗದ, ಗುರುದಕ್ಷಿಣೆ ಬೇಡದ ಅಭ್ಯಾಸ. ಮನೆಯಲ್ಲಿ ದೊಡ್ಡವರೂ ಮಕ್ಕಳೂ ಒಟ್ಟಿಗೆ ಕುಳಿತು ಮಾಡಬಹುದು. ನಿಮಗೆ ಆಗಿರುವುದೇ ನಿಮ್ಮ ಆಪ್ತ ಗೆಳೆಯನಿಗೆ ಆಗಿದೆ ಎಂದುಕೊಂಡು ಅವನಿಗೊಂದು ಕಾಗದ ಬರೆಯಬೇಕು. ಇದನ್ನು ಮಕ್ಕಳು ಸರಾಗವಾಗಿ ಬರೆಯುತ್ತಾರೆ. "ಹೋಗ್ಲಿ ಬಿಡೋ", "ಒಂದು ಸಬ್ಜೆಕ್ಟಿಗೆ ಇಷ್ಟೊಂದಾ?", "ನಾಳೆ ನಮ್ಮನೆಗೆ ಬಾ, ಟ್ರಿಗ್ನಾಮೆಟ್ರಿ ನಾನು ಹೇಳಿಕೊಡ್ತೀನಿ, ಸೈನ್ಸು ನೀನು ಹೇಳಿಕೊಡು" ಎಂದೆಲ್ಲ ಪುಟ ತುಂಬುತ್ತದೆ. ಮುಗಿದ ಮೇಲೆ, ಮೇಲಿನ ಸಾಲಿನಲ್ಲಿರುವ ಗೆಳೆಯನ ಹೆಸರನ್ನು ಹೊಡೆದುಹಾಕಿ ಅಲ್ಲಿ ತಮ್ಮ ಹೆಸರು ಬರೆಯಲು ಹೇಳಬೇಕು. ಬೇರೆ ಒಂದಕ್ಷರವನ್ನೂ ತಿದ್ದುವಂತಿಲ್ಲ. ಸರಸರ ಓಡುತ್ತಿದ್ದ ಪೆನ್ನು ಅಲ್ಲಿ ನಿಲ್ಲುತ್ತದೆ. ಕೆಲವರು ನಗುತ್ತಾರೆ, ಕೆಲವರು ಕಿಟಕಿಯ ಕಡೆ ನೋಡುತ್ತಾರೆ. ಹೆಸರಿನ ಮೊದಲ ಅಕ್ಷರ ಬರೆಯಲು ಸ್ವಲ್ಪ ಹೊತ್ತು ಹಿಡಿಯುತ್ತದೆ.